ಬೆಟ್ಟಯ್ಯ ಮೇಡಂಗೆ ಹೇಳಿದ ಮಾತು

ನರೇಂದ್ರ ಸಾಹೇಬರ ಕಾಲದಲ್ಲಿ ನಮ್ಮ ಕರೆಂಟ್ ಆಫೀಸಿನ ದೂರಿನ ರಿಜಿಸ್ಟರು ಇಡೀ ಸಬ್‌ಡಿವಿಜನ್ನಿಗೇ ತೆಳ್ಳಗಿನದು. ತಿಂಗಳಿಗೆ ಹತ್ತು ಹನ್ನೆರಡು ದೂರು ಬಿದ್ದರೆ ಹೆಚ್ಚು. ಮೀಟಿಂಗಿನಲ್ಲಿ ಮೇಲಿನವರು ಬೇರೆ ಸೆಕ್ಷನ್ನಿನವರಿಗೆ ನಮ್ಮನ್ನು ತೋರಿಸಿ, "ನೋಡಿ ಕಲೀರಿ" ಅನ್ನುತ್ತಿದ್ದರಂತೆ.

ಅದು ತೊಂಬತ್ತಾರು, ತೊಂಬತ್ತೇಳನೇ ಇಸವಿಯ ಮಾತು. ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ರಸ್ತೆಯಲ್ಲಿ, ಎರಡು ತಾಲ್ಲೂಕುಗಳ ಗಡಿಯ ಹತ್ತಿರ ನಮ್ಮ ಆಫೀಸು. ಎರಡು ರೂಮು, ಹಿಂದೆ ಸಾಮಾನು ಇಡುವ ಶೆಡ್ಡು, ಪಕ್ಕದಲ್ಲಿ ಮೂರು ಕ್ವಾರ್ಟರ್ಸು. ಇಪ್ಪತ್ತೆರಡು ಹಳ್ಳಿಗೆ ಏಳು ಜನ ಲೈನ್‌ಮನ್‌ಗಳು. ತಗಡೂರಿನ ಶಿವರಾಜು, ಅಂದರೆ ನಾನು, ಅವರಲ್ಲಿ ಒಬ್ಬ. ಆಗ ನನಗೆ ಮೂವತ್ತು ದಾಟಿತ್ತು.

ರಿಜಿಸ್ಟರು ತೆಳ್ಳಗಿದ್ದದ್ದು ಹೇಗೆ ಅನ್ನುವುದು ನಮ್ಮ ಏಳು ಜನಕ್ಕೆ ಗೊತ್ತಿತ್ತು. ದೂರು ಕಮ್ಮಿ ಇರಲಿಲ್ಲ, ಬರೆಯುತ್ತಿದ್ದದ್ದು ಕಮ್ಮಿ. ಒಂದು ತಂತಿ ತುಂಡಾಯಿತು ಅಂತ ಬರೆದರೆ ಮಾರನೇ ದಿನ ಮೇಜಿನ ಮೇಲೆ ಮೆಮೊ. ಆ ಲೈನನ್ನು ನೀನು ಯಾವತ್ತು ನೋಡಿದ್ದೆ? ನೋಡಿದ್ದರೆ ಯಾಕೆ ತುಂಡಾಯಿತು? ನೋಡದಿದ್ದರೆ ಯಾಕೆ ನೋಡಲಿಲ್ಲ? ಎರಡಕ್ಕೂ ಉತ್ತರ ಇರುತ್ತಿರಲಿಲ್ಲ. ಹಾಗಾಗಿ ನಾವೇ ಹೋಗಿ ಗಂಟು ಹಾಕಿ ಬರುತ್ತಿದ್ದೆವು. ಟ್ರಾನ್ಸ್‌ಫಾರ್ಮರಿನಲ್ಲಿ ಫ್ಯೂಸು ಪದೇ ಪದೇ ಹೋದರೆ ಯಾಕೆ ಹೋಗುತ್ತಿದೆ ಅಂತ ನೋಡುವ ಬದಲು ದಪ್ಪ ತಂತಿ ಸುತ್ತಿ ಬರುತ್ತಿದ್ದೆವು. ಫ್ಯೂಸು ಉಳಿಯುತ್ತಿತ್ತು. ಮೂರು ತಿಂಗಳಿಗೆ ಟ್ರಾನ್ಸ್‌ಫಾರ್ಮರೇ ಸುಟ್ಟು ಹೋಗುತ್ತಿತ್ತು. ಅದಕ್ಕೆ ಮಾತ್ರ "ಸಿಡಿಲು" ಅಂತ ಬರೆದುಬಿಡುತ್ತಿದ್ದೆವು. ಆ ವರ್ಷಗಳಲ್ಲಿ ನಮ್ಮ ಸೆಕ್ಷನ್ನಿನ ಮೇಲೆ ಬಿದ್ದಷ್ಟು ಸಿಡಿಲು ಬೇರೆಲ್ಲೂ ಬಿದ್ದಿರಲಾರದು.

ನರೇಂದ್ರ ಸಾಹೇಬರು ಕೆಟ್ಟವರಲ್ಲ. ಯಾವ ರೈತನ ಹತ್ತಿರವೂ ಒಂದು ಲೋಟ ಕಾಫಿ ಕುಡಿದವರಲ್ಲ. ಕೆಲಸ ಬಲ್ಲವರು. ಬೆಳಿಗ್ಗೆ ಎಂಟಕ್ಕೆ ನಮಗಿಂತ ಮುಂಚೆ ಬಂದು ಕೂತಿರುತ್ತಿದ್ದರು. ಆದರೆ ಅವರ ಗಂಟಲು ಕೇಳಿದರೆ ನಮ್ಮ ಬಾಯಿ ಒಣಗುತ್ತಿತ್ತು. ಒಂದು ಸಲ ಬೆಟ್ಟಯ್ಯನನ್ನು ಎಲ್ಲರ ಎದುರಿಗೆ ಅರ್ಧ ಗಂಟೆ ನಿಲ್ಲಿಸಿ, ಅವನ ಮೆಮೊವನ್ನು ಅವನಿಂದಲೇ ಗಟ್ಟಿಯಾಗಿ ಓದಿಸಿದರು. ಬೆಟ್ಟಯ್ಯನಿಗೆ ಆಗ ಐವತ್ಮೂರು ವರ್ಷ. ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತಿದ್ದ. ಅವತ್ತು ಮೊದಲ ಸಾಲಿಗೇ ನಿಂತುಬಿಟ್ಟ. ಓದಲು ಬಾರದೆ ನಿಂತ ಅಂದುಕೊಂಡರು ಸಾಹೇಬರು. ಅವನಿಗೆ ಕಾಗದವೇ ಕಾಣುತ್ತಿರಲಿಲ್ಲ.

ಬೆಟ್ಟಯ್ಯ ಹೆಮ್ಮಿಗೆಯವನು. ಕೆಲಸಕ್ಕೆ ಸೇರಿದಾಗಿನಿಂದ ಆಫೀಸಿನ ಪಕ್ಕದ ಕ್ವಾರ್ಟರ್ಸಿನಲ್ಲಿ ಹೆಂಡತಿ ಜವರಮ್ಮನ ಜೊತೆ ಇದ್ದ. ನನಗೆ ಕಂಬ ಹತ್ತುವುದನ್ನು ಕಲಿಸಿದವನು ಅವನೇ. "ತಂತಿ ಸತ್ತದೆ ಅಂತ ಯಾರ್ ಏಳಿದ್ರೂ ನಂಬ್ಬೇಡ ಕಣ್ಲಾ, ನಿನ್ ಕಣ್ಣಾರೆ ನೋಡ್ದೆ ಕೈ ಇಕ್ಬೇಡ" ಅಂತ ಮೊದಲನೇ ದಿನವೇ ಹೇಳಿದ್ದ.

ಅವನ ಕಣ್ಣಿನ ವಿಷಯ ನನಗೆ ಗೊತ್ತಾದದ್ದು ಒಂದು ಬೇಸಿಗೆಯ ಮಧ್ಯಾಹ್ನ. ಕಂಬದ ಮೇಲೆ ಕೂತು ಅವನು ತಂತಿಗೆ ಕೈ ಚಾಚಿದ. ತಂತಿ ಇದ್ದದ್ದು ಒಂದು ಮೊಳ ಈಚೆಗೆ, ಅವನು ಚಾಚಿದ್ದು ಬರೀ ಬಿಸಿಲಿಗೆ. ಎರಡು ಸಲ ಗಾಳಿಯನ್ನು ಹಿಡಿದ. ಮೂರನೇ ಸಲ ತಂತಿ ಕೈಗೆ ಸಿಕ್ಕಿತು. ಕೆಳಗೆ ಇಳಿದು ಬಂದಾಗ ನಾನು ಏನೂ ಕೇಳಲಿಲ್ಲ. ಅವನೇ ಹೇಳಿದ.

"ಬಿಸ್ಲಲ್ಲಿ ಎಲ್ಲಾ ಒಂದೇ ಬೆಳ್ಳಗೆ ಆಯ್ತದೆ ಕಣ್ಲಾ ಶಿವರಾಜ. ಯಾರ್ಗೂ ಏಳ್ಬೇಡ."

ನಾನು ಹೇಳಲಿಲ್ಲ. ಅವತ್ತಿನಿಂದ ಅವನ ಕಂಬಗಳನ್ನೂ ನಾನೇ ಹತ್ತಿದೆ. ಅವನು ಕೆಳಗೆ ನಿಂತು, ನೆನಪಿನಿಂದಲೇ, "ಎಡಗಡೆ ಬೋಲ್ಟು ಸಡ್ಲ ಇರ್ತದೆ ನೋಡು" ಅನ್ನುತ್ತಿದ್ದ. ಹಾಗೇ ಇರುತ್ತಿತ್ತು. ಕೆಲಸದ ಕಾಗದಕ್ಕೆ ಅವನ ಸಹಿ, ಕೆಲಸ ನನ್ನದು. ವರ್ಷದೊಳಗೆ ಉಳಿದ ಐದು ಜನಕ್ಕೂ ಗೊತ್ತಾಯಿತು. ಅವರೂ ಬಾಯಿ ಬಿಡಲಿಲ್ಲ. ಗೊತ್ತಾಗದಿದ್ದದ್ದು ಸಾಹೇಬರಿಗೆ ಮಾತ್ರ.

ತೊಂಬತ್ತೆಂಟರ ಏಪ್ರಿಲ್‌ನಲ್ಲಿ ಸಾಹೇಬರು ಪ್ರಮೋಷನ್ ಆಗಿ ಹಾಸನದ ಕಡೆ ಹೋದರು. ಜೂನ್‌ನಲ್ಲಿ ಅವರ ಜಾಗಕ್ಕೆ ಸುಚೇತಾ ಮೇಡಂ ಬಂದರು.

ಇಪ್ಪತ್ತೇಳು ವರ್ಷದ ಹೆಣ್ಣುಮಗಳು. ನಂಜನಗೂಡಿನವರು, ತಂದೆ ಸಂಸ್ಕೃತದ ಮೇಷ್ಟ್ರು. ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಹತ್ತಿ, ಟಿಫನ್ ಡಬ್ಬಿ ಹಿಡಿದುಕೊಂಡು ನಮ್ಮ ಸ್ಟಾಪಿನಲ್ಲಿ ಇಳಿಯುತ್ತಿದ್ದರು. ನಾವು ಒಳಗೊಳಗೇ ನಕ್ಕೆವು. ಮಲ್ಲಯ್ಯ ಅನ್ನುವ ಲೈನ್‌ಮನ್, "ಮೂರ್ ತಿಂಗ್ಳು ಕಣ್ರಪ್ಪ, ಆಮೇಲೆ ಮೈಸೂರಿಗೆ ವರ್ಗ ಹಾಕಿಸ್ಕೊಂಡು ಓಯ್ತಾರೆ" ಅಂದ.

ಮೊದಲ ತಿಂಗಳು ಅವರು ಏನೂ ಮಾಡಲಿಲ್ಲ. ದಿನಾ ಒಬ್ಬೊಬ್ಬರ ಜೊತೆ ಹಳ್ಳಿಗೆ ಬರುತ್ತಿದ್ದರು. ಗದ್ದೆ ಬದುವಿನ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದರು. ಟ್ರಾನ್ಸ್‌ಫಾರ್ಮರಿನ ಕೆಳಗೆ ನಿಂತು, "ಇಲ್ಲಿ ಯಾಕೆ ಇಷ್ಟು ದಪ್ಪ ತಂತಿ ಇದೆ, ಶಿವರಾಜು ಅವರೇ?" ಅನ್ನುತ್ತಿದ್ದರು.

"ಮುಂಚಿಂದ ಅಂಗೇ ಅದೆ ಮೇಡಂ."

"ಓ, ಹೌದಾ" ಅಂದು ಸುಮ್ಮನಾಗುತ್ತಿದ್ದರು. ನಾನು ಸುಳ್ಳು ಹೇಳಿದ್ದು ಅವರಿಗೆ ಗೊತ್ತಾಗಿದೆ ಅಂತ ನನಗೂ ಗೊತ್ತಾಗುತ್ತಿತ್ತು. ಬೈದಿದ್ದರೆ ಒಂದು ಥರ ಸಮಾಧಾನ. ಅವರು ಬೈಯುತ್ತಿರಲಿಲ್ಲ. ಮನೆಗೆ ಹೋದ ಮೇಲೂ ಆ "ಹೌದಾ" ಕಿವಿಯಲ್ಲಿ ಇರುತ್ತಿತ್ತು.

ಆಗಸ್ಟ್‌ನಲ್ಲಿ ಒಂದು ದಿನ ದೇವನೂರಿನ ಕಡೆ ಲೈನಿನ ಕೆಲಸ ಇತ್ತು. ಮೇಡಂ ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಲೈನ್ ಆಫ್ ಮಾಡಿಸುವಾಗ ಒಂದರ ಬದಲು ಇನ್ನೊಂದರ ನಂಬರು ಹೇಳಿಬಿಟ್ಟರು. ಕೆಲಸ ಇದ್ದ ಲೈನು ಹಾಗೇ ಇತ್ತು, ಬೇರೆ ನಾಲ್ಕು ಹಳ್ಳಿಯ ಪಂಪ್‌ಸೆಟ್ಟುಗಳು ನಿಂತವು. ಕಂಬಕ್ಕೆ ಹೋಗಿದ್ದವನು ನಾನು. ಮೇಲೆ ಹತ್ತುವ ಮುಂಚೆ ಟೆಸ್ಟ್ ಮಾಡಿ ನೋಡಿದ್ದರಿಂದ ಬದುಕಿಕೊಂಡೆ. ವಾಪಸು ಬಂದು ಹೇಳಿದಾಗ ಅವರ ಮುಖ ಸುಣ್ಣದ ಹಾಗಾಯಿತು. ಆಮೇಲೆ ರಿಜಿಸ್ಟರು ತರಿಸಿಕೊಂಡು ಬರೆದರು. ನಾವು ಬಗ್ಗಿ ನೋಡಿದೆವು. ದುಂಡನೆಯ ಅಕ್ಷರದಲ್ಲಿ, "ಕಾರಣ: ಸೆಕ್ಷನ್ ಆಫೀಸರ್ ತಪ್ಪು ಲೈನಿನ ನಂಬರು ಕೊಟ್ಟಿದ್ದು" ಅಂತ ಇತ್ತು. ಕೆಳಗೆ ಅವರ ಸಹಿ.

"ಮೇಡಂ, ಇದನ್ನ ಮೇಲಿನೋರು ನೋಡ್ತಾರೆ" ಅಂದೆ ನಾನು.

"ನೋಡ್ಲಿ. ನಾಳೆ ಇದೇ ತಪ್ಪು ಇನ್ನೊಬ್ರು ಮಾಡಬಾರದಲ್ಲ ಶಿವರಾಜು ಅವರೇ. ಎರಡು ಲೈನಿನ ನಂಬರೂ ಹತ್ತಿರ ಹತ್ತಿರ ಇವೆ. ಫೋನಲ್ಲಿ ಹೇಳೋವಾಗ ನಂಬರಿನ ಜೊತೆ ಊರಿನ ಹೆಸರೂ ಹೇಳೋಣ. ಆ ಕಡೆಯವರು ಅದನ್ನ ಇನ್ನೊಂದು ಸಲ ತಿರುಗಿ ಹೇಳ್ಬೇಕು." ರಿಜಿಸ್ಟರು ಮುಚ್ಚಿ, "ನಿಮ್ಮ ಹೆಂಡತಿ ಹೆಸರೇನು?" ಅಂದರು.

"ಪವಿತ್ರ, ಮೇಡಂ."

"ಅವರಿಗೆ ನಾನು ಏನಂತ ಹೇಳ್ತಿದ್ದೆ ಇವತ್ತು?" ಅಂದು ಎದ್ದು ಹೊರಗೆ ಹೋದರು.

ಆಫೀಸರ್ ಒಬ್ಬರು ತಮ್ಮ ತಪ್ಪನ್ನು ತಾವೇ ಬರೆದದ್ದನ್ನು ನಾವ್ಯಾರೂ ನೋಡಿರಲಿಲ್ಲ. ಒಂದು ವಾರ ಆದಮೇಲೆ ಚೆಲುವಯ್ಯ, ನಮ್ಮಲ್ಲೇ ಬಹಳ ಹೆದರುಪುಕ್ಕಲ, ತಾನು ಸುತ್ತಿದ್ದ ದಪ್ಪ ತಂತಿಯಿಂದ ಒಂದು ಟ್ರಾನ್ಸ್‌ಫಾರ್ಮರ್ ಬಿಸಿಯಾಗುತ್ತಿದೆ ಅಂತ ಬರೆದ. ಬರೆದು ಬೆವರುತ್ತಾ ನಿಂತ. ಮೇಡಂ ಓದಿ, "ಒಳ್ಳೇದಾಯ್ತು, ಸುಡೋ ಮುಂಚೆ ಹೇಳಿದ್ರಿ" ಅಂದರು. ಅವತ್ತೇ ಹೋಗಿ ಎಷ್ಟು ಪಂಪ್‌ಸೆಟ್ಟು ಅದರ ಮೇಲಿದೆ ಅಂತ ಲೆಕ್ಕ ಹಾಕಿ, ಮೂರನ್ನು ಬೇರೆ ಟ್ರಾನ್ಸ್‌ಫಾರ್ಮರಿಗೆ ಕೊಟ್ಟರು. ಆ ಟ್ರಾನ್ಸ್‌ಫಾರ್ಮರ್ ಇವತ್ತಿಗೂ ಇದೆ.

ಹಾಗೆ ಶುರುವಾಯಿತು. ರಿಜಿಸ್ಟರು ಉಬ್ಬುತ್ತಾ ಹೋಯಿತು.

ಹಾಗಂತ ಮೇಡಂ ಸಡಿಲ ಅಂತ ಅಲ್ಲ. ಮಲ್ಲಯ್ಯ ಅದನ್ನೇ ತಿಳಿದುಕೊಂಡು ಮೋಸ ಹೋದ. ಎರಡು ದಿನ ಭಾವನ ಮನೆಗೆ ಹೋಗಿ ಮಲಗಿದ್ದು, ಬಂದು ಲೈನ್ ನೋಡಿದೆ ಅಂತ ಬರೆದ. ಅದೇ ಲೈನಿನಲ್ಲಿ ಆ ದಿನ ಮೇಡಂ ಓಡಾಡಿದ್ದರು. ಕರೆದು ಕೇಳಿದರು, ದನಿ ಏರಿಸಲಿಲ್ಲ. ಆದರೆ ಸಂಜೆಯೊಳಗೆ ಮೇಲಕ್ಕೆ ಕಾಗದ ಹೋಯಿತು, ಮಲ್ಲಯ್ಯನಿಗೆ ಒಂದು ತಿಂಗಳು ಸಸ್ಪೆಂಡು. "ತಪ್ಪು ಮಾಡಿ ಬರೀರಿ, ನಾನಿದ್ದೀನಿ. ಮಾಡದೇ ಇರೋ ಕೆಲಸ ಬರೆದ್ರೆ ಅದನ್ನ ನಂಬಿ ಇನ್ನೊಬ್ಬ ಕಂಬ ಹತ್ತುತ್ತಾನೆ" ಅಂದರು ಎಲ್ಲರಿಗೂ ಕೇಳುವ ಹಾಗೆ. ಮಲ್ಲಯ್ಯ ಒಂದಷ್ಟು ದಿನ ಅವರನ್ನು ಬೈದುಕೊಂಡು ಓಡಾಡಿದ. ಕೆಲಸಕ್ಕೆ ವಾಪಸು ಬಂದ ಮೇಲೆ ಸುಳ್ಳು ಬರೆಯಲಿಲ್ಲ.

ಇಷ್ಟೆಲ್ಲ ಆದರೂ ಬೆಟ್ಟಯ್ಯನ ವಿಷಯ ಮಾತ್ರ ನಾವು ಹೇಳಿರಲಿಲ್ಲ. ಫ್ಯೂಸು ತಂತಿಯ ತಪ್ಪು ಬೇರೆ, ಇದು ಒಬ್ಬ ಮನುಷ್ಯನ ಅನ್ನದ ಮಾತು. ಕಣ್ಣು ಕಾಣದವನನ್ನು ಮನೆಗೆ ಕಳಿಸಿಬಿಟ್ಟರೆ? ಅದೂ ಅಲ್ಲದೆ, ಮಾಡದ ಕೆಲಸಕ್ಕೆ ಸಹಿ ಹಾಕುವುದರಲ್ಲಿ ನಾವು ಮಲ್ಲಯ್ಯನಿಗಿಂತ ದೊಡ್ಡ ಕಳ್ಳರು. ನಾನಂತೂ ಮೇಡಂ ಮುಖ ನೋಡಿದಾಗಲೆಲ್ಲ ಇದನ್ನು ನೆನೆದು ಕಣ್ಣು ಕೆಳಗೆ ಮಾಡುತ್ತಿದ್ದೆ.

ಎರಡು ಸಾವಿರದ ಇಸವಿ ಫೆಬ್ರವರಿ. ಪವಿತ್ರನಿಗೆ ಹೆರಿಗೆ ಅಂತ ನಾನು ನಂಜನಗೂಡಿನ ಆಸ್ಪತ್ರೆಯಲ್ಲಿದ್ದೆ. ಹೆಣ್ಣು ಮಗು, ರಮ್ಯ ಅಂತ ಆಮೇಲೆ ಹೆಸರಿಟ್ಟೆವು. ಮಗುವನ್ನು ನೋಡಿಕೊಂಡು ಮಧ್ಯಾಹ್ನದ ಬಸ್ಸಿಗೆ, ಸಿಹಿ ಹಂಚೋಣ ಅಂತ ಆಫೀಸಿಗೆ ಬಂದೆ. ಶೆಡ್ಡಿನ ಹಿಂದೆ ಬೆಟ್ಟಯ್ಯ ಒಬ್ಬನೇ ಕೂತಿದ್ದ. ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದ.

ನಡೆದದ್ದು ಇಷ್ಟು. ಮರಿಯಯ್ಯ ಅನ್ನುವ ರೈತನ ಹೊಲದ ಹತ್ತಿರದ ಟ್ರಾನ್ಸ್‌ಫಾರ್ಮರಿನಲ್ಲಿ ಫ್ಯೂಸು ಹೋಗಿತ್ತು. ಉಳಿದವರೆಲ್ಲ ಬೇರೆ ಕೆಲಸಕ್ಕೆ ಹೋಗಿದ್ದರು. ಮರಿಯಯ್ಯ ಬಂದು ಕರೆದಾಗ ಬೆಟ್ಟಯ್ಯ ಒಬ್ಬನೇ ಹೋದ. ಅಲ್ಲಿ ಕಂಬದ ಬುಡದ ಹ್ಯಾಂಡಲ್ ಎಳೆದರೆ ಮೇಲೆ ತಂತಿಗೊಂದರಂತೆ ಇರುವ ಮೂರು ಕಡ್ಡಿ ಒಟ್ಟಿಗೆ ಬಿಟ್ಟುಕೊಳ್ಳಬೇಕು. ಆಗ ಕರೆಂಟು ನಿಲ್ಲುತ್ತದೆ. ಒಮ್ಮೊಮ್ಮೆ ತುಕ್ಕು ಹಿಡಿದು ಒಂದು ಅಂಟಿಕೊಂಡೇ ಇರುತ್ತದೆ. ಅದಕ್ಕೇ ತಲೆ ಎತ್ತಿ ನೋಡಿ ಹತ್ತಬೇಕು. ಬೆಟ್ಟಯ್ಯ ಹ್ಯಾಂಡಲ್ ಎಳೆದು ತಲೆ ಎತ್ತಿ ನೋಡಿದ. ಅವನಿಗೆ ಕಂಡದ್ದು ಬಿಸಿಲು. ಹತ್ತಿದ. ಫ್ಯೂಸಿಗೆ ಕೈ ಹಾಕಬೇಕು ಅನ್ನುವಾಗ ಕೆಳಗಿನಿಂದ ಮರಿಯಯ್ಯ ಕೂಗಿದ.

"ಬೆಟ್ಟಯ್ಯೋ, ತಡಿ! ನಡೂಕಿಂದು ಬುಟ್ಟಿಲ್ಲ, ಅಂಟ್ಕಂಡೇ ಅದೆ!"

ಗೇಣು ದೂರದಲ್ಲಿ ಕೈ ನಿಂತಿತು.

ನಾನು ಅವನ ಪಕ್ಕ ಕೂತೆ. ಸಿಹಿಯ ಪೊಟ್ಟಣ ಎಲ್ಲಿ ಇಟ್ಟೆನೋ ಗೊತ್ತಿಲ್ಲ.

"ಮೇಡಂಗೆ ಏಳ್ಬುಡ್ತೀನಿ ಕಣ್ಲಾ" ಅಂದ.

"ಬ್ಯಾಡ ಕಣಣ್ಣ. ಇನ್ನೆರಡು ವರ್ಷ ಅದೆ ರಿಟೈರಾಗಕ್ಕೆ. ನಾನಿರ್ತೀನಿ, ಇನ್ಮುಂದೆ ರಜಾನೇ ಆಕಲ್ಲ."

"ಇವತ್ತು ನಿಂಗೆ ಮಗ ಉಟ್ಟದೆ, ನೀನ್ ರಜಾ ಆಕ್ಬೇಕಾಗಿತ್ತು. ತಪ್ಪೇನದೆ?"

"ಹೆಣ್ಣುಮಗ ಕಣಣ್ಣ."

"ಒಳ್ಳೇದಾಯ್ತು" ಅಂದ. ಅವನ ಕಣ್ಣು ತುಂಬಿತ್ತು. "ನರೇಂದ್ರ ಸಾಹೇಬ್ರಿದ್ದಿದ್ರೆ ಸತ್ರೂ ಏಳ್ತಿರ್ಲಿಲ್ಲ. ಈಯಮ್ಮ ತನ್ ತಪ್ಪ ತಾನೇ ಬರ್ಕತ್ತಾಳೆ. ಅವ್ಳ ಮುಂದೆ ನಾನು ಮುಚ್ಚಿಟ್ಕಂಡು ಓಡಾಡಾದು ಚಂದಾಗಿಲ್ಲ."

ಮೇಡಂ ಮೇಜಿನ ಮೇಲೆ ಏನೋ ಬರೆಯುತ್ತಿದ್ದರು. ಬೆಟ್ಟಯ್ಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದ. ನಾನು ಹಿಂದೆ ನಿಂತೆ.

"ನಂಗೆ ಕಣ್ಣು ಕಾಣಾಕಿಲ್ಲ ಕಣವ್ವ" ಅಂದ. ಸುತ್ತಿ ಬಳಸಲಿಲ್ಲ.

ಮೇಡಂ ಪೆನ್ನು ಕೆಳಗಿಟ್ಟರು. "ಎಷ್ಟು ದಿನದಿಂದ ಬೆಟ್ಟಯ್ಯನವರೇ?"

"ನಾಕ್ ವರ್ಷ ಆಯ್ತು."

"ನಾಲ್ಕು ವರ್ಷ!" ಅಂದವರು ಸ್ವಲ್ಪ ಹೊತ್ತು ಅವನ ಕಣ್ಣುಗಳನ್ನೇ ನೋಡಿದರು. ಕಪ್ಪು ಗುಡ್ಡೆಯ ಮೇಲೆ ಹಾಲಿನ ಕೆನೆಯ ಹಾಗೆ ಕಟ್ಟಿತ್ತು. ನೋಡುವವರಿಗೆ ಕಾಣುವಂಥದ್ದೇ. "ಮತ್ತೆ ಕಂಬ ಯಾರು ಹತ್ತುತ್ತಾ ಇದ್ದರು?"

ಬೆಟ್ಟಯ್ಯ ತಲೆ ತಗ್ಗಿಸಿದ. ನನ್ನ ಹೆಸರು ಹೇಳಲಿಲ್ಲ. ನಾನು ಮುಂದೆ ಬಂದೆ. "ನಾನು ಮೇಡಂ."

ಅವತ್ತು ಮೊದಲ ಸಲ ಅವರಿಗೆ ಸಿಟ್ಟು ಬಂದದ್ದನ್ನು ನೋಡಿದೆ. ಕಿವಿ ಕೆಂಪಾಯಿತು. "ನೀವು ಬಿದ್ದು ಸತ್ತಿದ್ರೆ, ಕಾಗದದಲ್ಲಿ ನೀವು ಅಲ್ಲಿ ಇರಲೇ ಇಲ್ಲ. ಗೊತ್ತೇನ್ರೀ ಅದು ನಿಮಗೆ? ನಿಮ್ಮ ಮನೆಯವರಿಗೆ ನೀವು ಯಾಕೆ ಸತ್ರಿ ಅಂತಾನೂ ಹೇಳೋಕೆ ಆಗ್ತಿರಲಿಲ್ಲ ನನಗೆ!" ಕಿಟಕಿಯ ಕಡೆ ತಿರುಗಿ ನಿಂತರು. ಹೊರಗೆ ರಸ್ತೆಯಲ್ಲಿ ಕಬ್ಬಿನ ಗಾಡಿ ಒಂದು ಪೂರ್ತಿ ದಾಟಿ ಹೋಗುವ ತನಕ ಹಾಗೇ ನಿಂತಿದ್ದರು. ಆಮೇಲೆ ತಿರುಗಿ ಬೆಟ್ಟಯ್ಯನಿಗೆ ಕುರ್ಚಿ ಎಳೆದು ಕೊಟ್ಟರು.

"ಇವತ್ತಿನಿಂದ ಕಂಬ ಬೇಡ. ಹ್ಯಾಂಡಲ್ಲೂ ಮುಟ್ಟಬೇಡಿ. ಮೈಸೂರಿಗೆ ಕಣ್ಣು ತೋರಿಸೋಕೆ ಜೊತೆಗೆ ಯಾರು ಹೋಗ್ತೀರಿ?"

ಏಳು ಜನದಲ್ಲಿ ಅವನನ್ನು ಬಿಟ್ಟು ಆರು ಜನವೂ ಸರದಿಯ ಮೇಲೆ ಹೋದೆವು. ಪೊರೆ ಬಹಳ ಬಲಿತಿತ್ತು. ಬಲಗಣ್ಣು ಆಪರೇಷನ್ ಆದಮೇಲೆ ಅರ್ಧಕ್ಕರ್ಧ ಬಂತು. ಎಡಗಣ್ಣು ಬರಲಿಲ್ಲ. ಮೇಡಂ ನಡೆದದ್ದನ್ನೆಲ್ಲ ಒಂದು ಕಾಗದದಲ್ಲಿ ಬರೆದು ಮೇಲಕ್ಕೆ ಕಳಿಸಿದರು. ನನ್ನ ತಪ್ಪೂ ಅದರಲ್ಲಿತ್ತು, ಎರಡು ವರ್ಷದ ತನಕ ತಾವು ಗಮನಿಸದೆ ಹೋದದ್ದು ತಮ್ಮ ತಪ್ಪು ಅಂತಲೂ ಇತ್ತು. ಬೆಟ್ಟಯ್ಯನನ್ನು ಆಫೀಸಿನ ಫೋನಿನ ಹತ್ತಿರ ಕೂರಿಸಲು ಒಪ್ಪಿಗೆ ಬೇಕು ಅಂತ ಕೊನೆಯ ಸಾಲು. ಉತ್ತರ ಬರಲಿಲ್ಲ. ಬರುವ ತನಕ ಇರಲಿ ಅಂತ ಮೇಡಂ ಕೂರಿಸಿದರು.

ಅಲ್ಲಿಂದ ನಮ್ಮ ಕೆಲಸದ ರೀತಿಯೇ ಬದಲಾಯಿತು. ಯಾರೋ ರೈತ ಫೋನ್ ಮಾಡಿ, "ನಮ್ಮೂರಲ್ಲಿ ಕರೆಂಟಿಲ್ಲ" ಅಂದರೆ ಬೆಟ್ಟಯ್ಯ, "ನಿಮ್ ಕೆರೆ ಏರಿ ಮೇಲಿನ್ ಮನೇಲಿ ಅದ್ಯಾ? ಗುಡಿ ಅತ್ರ?" ಅಂತ ನಾಲ್ಕು ಮಾತು ಕೇಳಿ, ಯಾವ ಕಂಬಕ್ಕೆ ಹೋಗಬೇಕು ಅಂತ ಕೂತಲ್ಲೇ ಹೇಳುತ್ತಿದ್ದ. ಮೂವತ್ತು ವರ್ಷ ನಡೆದ ಲೈನುಗಳೆಲ್ಲ ಅವನ ತಲೆಯೊಳಗಿದ್ದವು. ಅರ್ಧ ದಿನ ಹುಡುಕುತ್ತಿದ್ದ ಕಡೆ ಒಂದು ಗಂಟೆಯಲ್ಲಿ ಕರೆಂಟು ಬರತೊಡಗಿತು.

ವರ್ಷದ ಕೊನೆಯಲ್ಲಿ ಒಂದು ಜೀಪು ಬಂತು. ಇಳಿದವರು ನರೇಂದ್ರ ಸಾಹೇಬರು. ಹಾಸನದಿಂದ ನಮ್ಮ ಸಬ್‌ಡಿವಿಜನ್ನಿಗೇ ದೊಡ್ಡ ಆಫೀಸರಾಗಿ ಬಂದಿದ್ದರು. ಕೂದಲು ನೆರೆತಿತ್ತು, ಗಂಟಲು ಹಾಗೇ ಇತ್ತು. ರಿಜಿಸ್ಟರು ತರಿಸಿಕೊಂಡರು. ನಾನು ಬಾಗಿಲ ಹತ್ತಿರವೇ ನಿಂತಿದ್ದೆ, ಹೊರಗೆ ಹೋಗು ಅನ್ನಲಿಲ್ಲ.

"ನನ್ನ ಕಾಲದಲ್ಲಿ ತಿಂಗಳಿಗೆ ಹನ್ನೆರಡು ದೂರು. ಈಗ ನಲವತ್ತೈದು! ಏನಮ್ಮಾ ಇದು? ಜನ ನಿನ್ನ ತಲೆ ಮೇಲೆ ಕೂತಿದ್ದಾರೆ."

"ಕಂಬ ಅವೇ ಸರ್, ತಂತಿಗಳೂ ಅವೇ, ಜನಾನೂ ಅವರೇ" ಅಂದರು ಮೇಡಂ. ದನಿ ಸಣ್ಣಗಿತ್ತು, ಆದರೆ ತಡವರಿಸಲಿಲ್ಲ. "ಸುಟ್ಟ ಟ್ರಾನ್ಸ್‌ಫಾರ್ಮರಿನ ಪಟ್ಟಿ ಇನ್ನೊಂದು ಫೈಲಲ್ಲಿದೆ. ದಯವಿಟ್ಟು ಅದನ್ನೂ ನೋಡಿ."

ಸಾಹೇಬರು ನೋಡಿದರು. ತಮ್ಮ ಕಾಲದ ವರ್ಷಕ್ಕೆ ಹದಿನೇಳು, ಹತ್ತೊಂಬತ್ತು. ಈ ವರ್ಷಕ್ಕೆ ಐದು. ಬೆರಳಿಟ್ಟು ಎಣಿಸಿದರು, ಮತ್ತೆ ಎಣಿಸಿದರು. ಫೈಲು ಮುಚ್ಚಿ, ಫೋನಿನ ಹತ್ತಿರ ಎದ್ದು ನಿಂತಿದ್ದ ಬೆಟ್ಟಯ್ಯನ ಕಡೆ ತಿರುಗಿದರು. ಮೇಡಂ ಅವನ ಬಗ್ಗೆ ಬರೆದ ಕಾಗದ ಅವರ ಮೇಜಿಗೆ ಬಂದಿತ್ತು ಅಂತ ಕಾಣುತ್ತದೆ.

"ನಾನಿದ್ದಾಗಲೇ ನಿನಗೆ ಕಣ್ಣು ಕಾಣ್ತಿರಲಿಲ್ಲವೇನಯ್ಯಾ?"

"ಇಲ್ಲ ಸಾ."

"ಆ ಮೆಮೊ ಓದು ಅಂದಾಗ?"

"ಕಾಣ್ತಿರ್ಲಿಲ್ಲ ಸಾ."

"ನನಗ್ಯಾಕೆ ಹೇಳಲಿಲ್ಲ?"

ಬೆಟ್ಟಯ್ಯ ಬಹಳ ಹೊತ್ತು ಯೋಚಿಸಿದ. ನೋಯಿಸದ ಹಾಗೆ ಹೇಳಲು ಮಾತು ಹುಡುಕುತ್ತಿದ್ದ ಅಂತ ಅವನನ್ನು ಬಲ್ಲ ನನಗೆ ಗೊತ್ತಾಯಿತು. ಸಿಗಲಿಲ್ಲ. "ಎದ್ರಿಕೆ ಆಯ್ತಿತ್ತು ಸಾ" ಅಂದ.

ಸಾಹೇಬರು ಅಲ್ಲೇ ಇದ್ದ ಬೆಂಚಿನ ಮೇಲೆ ಕೂತರು. ನಾವು ಕೂರುತ್ತಿದ್ದ ಬೆಂಚು ಅದು, ಅವರು ಯಾವತ್ತೂ ಅದರ ಮೇಲೆ ಕೂತಿರಲಿಲ್ಲ.

"ನನ್ನ ಮೊದಲನೇ ಪೋಸ್ಟಿಂಗಲ್ಲಿ ದೊಡ್ಡಮಾದಯ್ಯ ಅಂತ ಒಬ್ಬ ಲೈನ್‌ಮನ್ ಇದ್ದ" ಅಂದರು. ಯಾರಿಗೆ ಹೇಳುತ್ತಿದ್ದಾರೆ ಅಂತ ತಿಳಿಯಲಿಲ್ಲ. "ನಾನು ಆಗ ಎಲ್ಲರ ಜೊತೆ ನಗುನಗ್ತಾ ಇದ್ದೆ. ಒಂದು ದಿನ, ಲೈನ್ ಆಫ್ ಮಾಡಿಸೋದು ಬೇಡ ಸಾ, ಎರಡು ನಿಮಿಷದ ಕೆಲಸ ಅಂದ. ಹೋಗ್ಲಿ ಅಂತ ಬಿಟ್ಟೆ. ಅವನ ಹೆಣಾನ ಕಂಬದಿಂದ ಇಳಿಸಿದವನು ನಾನೇ. ಆಮೇಲೆ ಯಾರಿಗೂ ಸಲಿಗೆ ಕೊಡಲಿಲ್ಲ. ನಾನು ಗದರಿದ್ರೆ ನೀವೆಲ್ಲ ಬದುಕಿರ್ತೀರಿ ಅಂದ್ಕೊಂಡಿದ್ದೆ."

ಬೆಟ್ಟಯ್ಯ ನಿಧಾನವಾಗಿ ಹೋಗಿ, ಹೂಜಿಯಿಂದ ಒಂದು ಲೋಟ ನೀರು ಬಗ್ಗಿಸಿ ತಂದ. ಅವನ ಅರ್ಧ ಕಣ್ಣಿಗೆ ಅಂದಾಜು ಸಿಗದೆ ಸ್ವಲ್ಪ ನೀರು ಸಾಹೇಬರ ಪ್ಯಾಂಟಿನ ಮೇಲೆ ಚೆಲ್ಲಿತು. ಸಾಹೇಬರು ಲೋಟ ತೆಗೆದುಕೊಂಡು ಪೂರ್ತಿ ಕುಡಿದರು. ನಮ್ಮ ಆಫೀಸಿನಲ್ಲಿ ಅವರು ಇನ್ನೊಬ್ಬರ ಕೈಯಿಂದ ಏನನ್ನಾದರೂ ತೆಗೆದುಕೊಂಡು ಕುಡಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮಾರನೇ ವಾರ ಒಪ್ಪಿಗೆಯ ಕಾಗದ ಬಂತು. ನನಗೂ ಒಂದು ಎಚ್ಚರಿಕೆಯ ಪತ್ರ ಬಂತು, ಬರಬೇಕಾದದ್ದೇ. ಸಾಹೇಬರು ಆಮೇಲೂ ಮೀಟಿಂಗಿನಲ್ಲಿ ಗದರುತ್ತಿದ್ದರು. ಮನುಷ್ಯನ ಗಂಟಲು ಒಂದು ದಿನಕ್ಕೆ ಬದಲಾಗುವುದಿಲ್ಲ. ಆದರೆ ಗದರಿ ಮುಗಿಸಿ, ಸ್ವಲ್ಪ ತಡೆದು, "ಸರಿ, ಏನಾಯ್ತು ಹೇಳು" ಅನ್ನುವುದನ್ನು ಕಲಿತಿದ್ದರು.

ಎರಡು ಸಾವಿರದ ಎರಡರಲ್ಲಿ ಬೆಟ್ಟಯ್ಯ ರಿಟೈರಾಗಿ ಹೆಮ್ಮಿಗೆಗೆ ಹೋದ. ಅದೇ ವರ್ಷ ಮೇಡಂಗೆ ಮೈಸೂರಿಗೆ ವರ್ಗವಾಯಿತು. ಮಲ್ಲಯ್ಯ ಹೇಳಿದ್ದ ಮೂರು ತಿಂಗಳು ನಾಲ್ಕು ವರ್ಷ ಆಗಿತ್ತು. ಬಸ್ಸು ಹತ್ತಿಸಲು ಹೋದವರಲ್ಲಿ ಮಲ್ಲಯ್ಯನೂ ಇದ್ದ.

ನನಗೆ ಎರಡು ಸಾವಿರದ ಆರರಲ್ಲಿ ಮೇಸ್ತ್ರಿ ಕೆಲಸ ಸಿಕ್ಕಿತು, ನರಸೀಪುರದ ಹತ್ತಿರ. ಕೈಕೆಳಗೆ ಒಂಬತ್ತು ಜನ. ಇಷ್ಟೆಲ್ಲ ನೋಡಿದವನು ನಾನು ಹೇಗಿರಬೇಕಿತ್ತು? ಮೊದಲನೇ ತಿಂಗಳಲ್ಲೇ ಅಮೃತೇಶ್ ಅನ್ನುವ ಲೈನ್‌ಮನ್ ಒಬ್ಬ ಹೊಸ ಪಿಂಗಾಣಿ ಇನ್ಸುಲೇಟರುಗಳ ಪೆಟ್ಟಿಗೆಯನ್ನು ಬೀಳಿಸಿ ಒಡೆದ ಅಂತ ಎಲ್ಲರ ಮುಂದೆ ಬಾಯಿಗೆ ಬಂದ ಹಾಗೆ ಬೈದೆ. ಅವನ ಮುಖ ಬಾಗಿಲು ಹಾಕಿದ ಮನೆಯ ಹಾಗಾಯಿತು. ಆಮೇಲೆ ಅವನು ನನ್ನ ಹತ್ತಿರ "ಸರಿ ಸಾ" ಅನ್ನುವುದು ಬಿಟ್ಟು ಬೇರೆ ಮಾತಾಡಲಿಲ್ಲ. ಉಳಿದವರೂ ನಾನು ಬಂದರೆ ಮಾತು ನಿಲ್ಲಿಸತೊಡಗಿದರು.

ಭಾನುವಾರ ಹೆಮ್ಮಿಗೆಗೆ ಹೋದೆ. ಬೆಟ್ಟಯ್ಯ ಜಗುಲಿಯ ಮೇಲೆ ಕೂತು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದ. ದನಿ ಕೇಳಿಯೇ ಗುರುತು ಹಿಡಿದ. ಜವರಮ್ಮ ಮಜ್ಜಿಗೆ ತಂದು ಕೊಟ್ಟಳು. ನಾನು ನಡೆದದ್ದನ್ನು ಹೇಳಿಕೊಂಡೆ.

"ಮೇಡಂಗೆ ಅದೆಂಗೆ ಬರ್ತಿತ್ತೋ ಕಣಣ್ಣ. ನಂಗೆ ಬರಾಕಿಲ್ಲ. ಅವ್ರು ಉಟ್ದಾಗ್ಲೇ ಅಂಗೆ ಅಂತ ಕಾಣ್ತದೆ."

ಬೆಟ್ಟಯ್ಯ ನಕ್ಕ. "ನೀನೇ ಏಳಮ್ಮಿ" ಅಂದ ಹೆಂಡತಿಗೆ.

ಜವರಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಕೂತಳು. "ನಮ್ ಯಜಮಾನ್ರು ಕಣ್ಣಿನ್ ಇಸ್ಯ ಏಳುದ್ರಲ್ಲ, ಅವತ್ತು ಸಾಯಂಕಾಲ ಆಯಮ್ಮ ಬಸ್ಸಿಗೆ ಓಗ್ದೆ ನಮ್ ಕ್ವಾಟ್ರಸ್ಗೆ ಬಂದ್ರು ಕಣಪ್ಪ. ಇವ್ರು ಮನೇಲಿರ್ಲಿಲ್ಲ. ಒಲೆ ಮುಂದೆ ನನ್ ಪಕ್ಕ ಕುಂತ್ಕಂಡು ಅತ್ತುಬುಟ್ರು. 'ಎರಡು ವರ್ಷ ದಿನಾ ಮುಖ ನೋಡಿದ್ದೀನಮ್ಮ, ಕಣ್ಣು ನೋಡಲಿಲ್ಲ ನಾನು. ನನಗೆ ಈ ಕೆಲಸ ಬರಲ್ಲ, ಬಿಟ್ಟು ಹೋಗ್ಲಾ' ಅಂದ್ರು. ನಾನೇನ್ ಏಳ್ಲಿ? ಎಲ್ಡು ರೊಟ್ಟಿ ಮಾಡಿ ಕೊಟ್ಟೆ. ತಿಂದು, ಮೊಕ ತೊಳ್ಕಂಡು, ಕೊನೇ ಬಸ್ಸಿಗೆ ಓದ್ರು. ಮಾರ್ನೇ ದಿನ ಬೆಳಿಗ್ಗೆ ಅದೇ ಏಳೂವರೆ ಬಸ್ಸಿಗೇ ಬಂದ್ರು."

ಮೇಡಂ ಹೀಗೆ ಅತ್ತದ್ದು ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ.

ಸೋಮವಾರ ಅಮೃತೇಶನ ಜೊತೆ ಲೈನ್ ನೋಡಲು ಹೊರಟೆ. ಒಂದು ಮೈಲಿ ನಡೆದೆವು. ಕಾಲುವೆಯ ಹತ್ತಿರ ಬಂದಾಗ, "ಅವತ್ತು ಎಲ್ರೆದುರಿಗೆ ಅಂಗೆ ಬೈಬಾರ್ದಾಗಿತ್ತು ಕಣಪ್ಪ ನಾನು. ತಪ್ಪಾಯ್ತು" ಅಂದೆ.

ಅವನು ನಿಂತ. ನನ್ನ ಮುಖ ನೋಡಿದ, ನಂಬಬೇಕೋ ಬೇಡವೋ ಅನ್ನುವ ಹಾಗೆ. ಮತ್ತೆ ನಡೆಯತೊಡಗಿದ. ನಾನೂ ನಡೆದೆ. ಎರಡು ಕಂಬ ದಾಟಿದ ಮೇಲೆ ಅವನು, "ಸಾ, ಅವತ್ತು ಪೆಟ್ಟಿಗೆ ಕೈಜಾರಿದ್ದು ಯಾಕೆ ಅಂದ್ರೆ, ನನ್ ಬಲಗೈ ಬೆರಳು ಎರಡು ಮರಗಟ್ಕಂಡಿದಾವೆ ಸಾ" ಅಂದ.

"ಎಷ್ಟು ದಿನದಿಂದ?" ಅಂದೆ.

"ಆರ್ ತಿಂಗ್ಳಾಯ್ತು."

"ಎಲ್ಲಿ, ತೋರ್ಸು" ಅಂತ ಅವನ ಕೈ ಹಿಡಿದುಕೊಂಡೆ.